ನನ್ನದೇ ಕೂದಲಿನ ಗಂಗಾವನ

ನನ್ನ ತಮ್ಮನ ಮೊಮ್ಮಗ ಆನಂದ ಮೊನ್ನೆ ಬೆಳಿಗ್ಗೆ ತನ್ನ ತಲೆದಿಂಬು ಹಿಡಿದುಕೊಂಡು ನನ್ನ ಕೋಣೆಗೆ ಬಂದ. ಬಿಳಿಯ ದಿಂಬಿನ ಮೇಲೆ ಸಣ್ಣ ಸಣ್ಣ ಕೂದಲು ಚೆಲ್ಲಿಕೊಂಡಿದ್ದವು. "ನೋಡ ಅಜ್ಜಿ, ಎಲ್ಲಾ ಹೋದುವು," ಎಂದ. ದನಿ ಕೇಳಿದರೆ ಮನೆಯಲ್ಲಿ ಯಾರೋ ತೀರಿಕೊಂಡಂತಿತ್ತು.

ವಿಷಯ ಇಷ್ಟೇ. ಹುಡುಗನಿಗೆ ಮೂವತ್ತು ತುಂಬುವ ಮೊದಲೇ ನೆತ್ತಿ ಬಯಲಾಗಿತ್ತು. ಹಿಂದಲೆಯ ಕೂದಲನ್ನು ಬೇರುಸಹಿತ ಕಿತ್ತು ಮುಂದಲೆಯಲ್ಲಿ ನೆಡುವ ದವಾಖಾನೆಗಳು ಈಗ ಬಂದಿವೆಯಲ್ಲ, ಅಲ್ಲಿಗೆ ಹೋಗಿ ಉಳ್ಳಾಗಡ್ಡಿ ಸಸಿ ನೆಟ್ಟ ಹಾಗೆ ಸಾಲುಸಾಲಾಗಿ ನೆಡಿಸಿಕೊಂಡು ಬಂದ. ಕೆಲವು ದಿನ ಕನ್ನಡಿಯ ಮುಂದಿನಿಂದ ಕದಲಲೇ ಇಲ್ಲ. ಈಗ ನೆಟ್ಟದ್ದೆಲ್ಲ ಉದುರುತ್ತಿದೆ. ಹೀಗೆ ಒಮ್ಮೆ ಉದುರುತ್ತದೆ, ಬೇರು ಒಳಗೇ ಇರುತ್ತದೆ, ಕೆಲವು ತಿಂಗಳಿಗೆ ಹೊಸದು ಬರುತ್ತದೆ, ಗಾಬರಿಯಾಗಬೇಡಿ ಎಂದು ಡಾಕ್ಟರು ಮೊದಲೇ ಹೇಳಿದ್ದಾರೆ. ಗಾಬರಿಯಾಗಬೇಡಿ ಎಂದ ಮೇಲೆ ಗಾಬರಿಯಾಗದವರನ್ನು ನಾನಂತೂ ಕಂಡಿಲ್ಲ.

ನಾನು ನಕ್ಕುಬಿಟ್ಟೆ. ಅವನಿಗೆ ಸಿಟ್ಟು ಬಂತು.

"ನಂದೂ ಹಿಂಗ ಆಗಿತ್ತೋ ತಮ್ಮಾ," ಎಂದೆ.

"ನೀನೂ ನೆಡಿಸಿದ್ದೇನು?"

"ನೆಡಿಸಿದ್ದಿಲ್ಲಪಾ. ಹೆಣಿಸಿದ್ದೆ."

ಕಥೆ ಕೇಳುವಷ್ಟು ಪುರುಸೊತ್ತು ಅವನಿಗಿಲ್ಲ. ದಿಂಬು ಎತ್ತಿಕೊಂಡು ಹೋದ. ನೀವು ಕೂತಿದ್ದೀರಿ, ಹೋಗುವ ಅವಸರದಲ್ಲಿ ಇದ್ದಂತೆಯೂ ಕಾಣುವುದಿಲ್ಲ. ಹೇಳುತ್ತೇನೆ.

ನಮ್ಮಪ್ಪ ಇಂಡಿ ಊರಿನ ಶಾಲೆಯ ಮಾಸ್ತರು. ಮನೆಯಲ್ಲಿ ಹೇಳಿಕೊಳ್ಳುವಂಥ ಬಂಗಾರವಿರಲಿಲ್ಲ, ಹೊಲ ಇರಲಿಲ್ಲ. ಇದ್ದ ಆಸ್ತಿ ಎಂದರೆ ನನ್ನ ಜಡೆ. ಇದು ನನ್ನ ಜಂಬವಲ್ಲ, ಅವ್ವನ ಮಾತು. ಜಡೆ ಬಿಟ್ಟರೆ ನನ್ನಲ್ಲಿ ನೋಡುವಂಥದ್ದೇನೂ ಇಲ್ಲ ಎಂಬುದು ಆ ಮಾತಿನ ಇನ್ನೊಂದು ಮಗ್ಗುಲು. ಅದನ್ನೂ ಅವ್ವ ಮುಚ್ಚಿಡುತ್ತಿರಲಿಲ್ಲ. ಮೂಗು ಅಪ್ಪನದು, ಬಣ್ಣ ಎರೆಹೊಲದ್ದು, ಕೂದಲೊಂದು ದೇವರದು ಎನ್ನುತ್ತಿದ್ದಳು.

ದೇವರು ಕೊಟ್ಟದ್ದನ್ನು ಕಾಯುವ ಕೆಲಸ ಮಾತ್ರ ನನ್ನ ಪಾಲಿಗೆ ಬಂದಿತ್ತು. ಪ್ರತಿ ಮಂಗಳವಾರ ಎರೆದುಕೊಳ್ಳುವುದು. ಅವ್ವ ಔಡಲೆಣ್ಣೆ ಕಾಯಿಸಿ ತಂದು ನೆತ್ತಿಯ ಮೇಲೆ ಬಡಿಯುತ್ತಿದ್ದಳು. ಎಣ್ಣೆ ಹಚ್ಚುತ್ತಿದ್ದಳೋ ಹಿಂದಿನ ವಾರದ ತಪ್ಪುಗಳಿಗೆ ಶಿಕ್ಷೆ ಕೊಡುತ್ತಿದ್ದಳೋ ತಿಳಿಯುತ್ತಿರಲಿಲ್ಲ. ಆಮೇಲೆ ಅಂಟವಾಳ ಕಾಯಿಯ ನೀರು. ಅದು ಕಣ್ಣಿಗೆ ಬಿದ್ದು ನಾನು ಕಿರುಚಿಕೊಂಡರೆ ಓಣಿಯವರಿಗೆಲ್ಲ ಇವತ್ತು ಮಂಗಳವಾರ ಎಂದು ಗೊತ್ತಾಗುತ್ತಿತ್ತು. ಆಮೇಲೆ ಬಿದಿರಿನ ಬುಟ್ಟಿಯನ್ನು ಡಬ್ಬು ಹಾಕಿ, ಕೆಳಗೆ ಕೆಂಡ ಇಟ್ಟು, ಪಕ್ಕದ ಮನೆಯ ಖಾಜಾಬಿ ಕೊಟ್ಟ ಲೋಬಾನ ಉದುರಿಸಿ, ಬುಟ್ಟಿಯ ಮೇಲೆ ಕೂದಲು ಹರಡುವುದು. ಆ ಹೊಗೆಯಲ್ಲಿ ನನಗೆ ಸುಖವಾಗಿ ನಿದ್ದೆ ಬರುತ್ತಿತ್ತು. ಈಗಲೂ ಎಲ್ಲಿಯಾದರೂ ಲೋಬಾನದ ವಾಸನೆ ಬಂದರೆ ನಾನು ಆಕಳಿಸುತ್ತೇನೆ. ಜನ ತಪ್ಪು ತಿಳಿದುಕೊಳ್ಳುತ್ತಾರೆ.

ಉದುರಿದ ಕೂದಲನ್ನು ಎಸೆಯುವ ಹಾಗಿರಲಿಲ್ಲ. ಗುಬ್ಬಿ ಒಯ್ದು ಗೂಡು ಕಟ್ಟಿದರೆ ತಲೆಶೂಲೆ, ಯಾರಾದರೂ ತುಳಿದರೆ ಇನ್ನಷ್ಟು ಉದುರುತ್ತದೆ, ಒಲೆಗೆ ಬಿದ್ದರಂತೂ ಮನೆತನಕ್ಕೇ ಕೇಡು. ಹಣಿಗೆಗೆ ಬಂದದ್ದನ್ನು ಬೆರಳಿಗೆ ಸುತ್ತಿ, ಥೂ ಥೂ ಎಂದು ಉಗುಳಿ, ಹಿತ್ತಲ ಗೋಡೆಯ ಮಾಡದಲ್ಲಿ ತುರುಕಬೇಕು. ಮಾಡ ತುಂಬಿದ ಮೇಲೆ ಅದು ಖಾಜಾಬಿಯ ಮನೆಗೆ ಹೋಗುತ್ತಿತ್ತು. ಅವಳ ಗಂಡ ಬಳೆ ವ್ಯಾಪಾರಿ. ಸಿಂದಗಿ, ಆಲಮೇಲದ ಸಂತೆಗಳನ್ನು ತಿರುಗುವವನು. ಅವಳು ಮನೆಯಲ್ಲೇ ಕೂತು ಗಂಗಾವನ ಕಟ್ಟುವವಳು. ಉದುರಿದ ಕೂದಲನ್ನು ಬಿಡಿಸಿ, ತೊಳೆದು, ಎಳೆಎಳೆಯಾಗಿ ದಾರಕ್ಕೆ ಕಟ್ಟಿ ಮಾಡಿದ ಚೌರಿಗೆ ನಮ್ಮ ಕಡೆ ಗಂಗಾವನ ಎನ್ನುತ್ತಾರೆ. ಹೆರಳು ಸಣ್ಣದಾದ ಹೆಂಗಸರು ಅದನ್ನು ತಮ್ಮ ಜಡೆಯೊಳಗೆ ಸೇರಿಸಿ ಹೆಣೆದುಕೊಳ್ಳುತ್ತಿದ್ದರು. ಇಂಡಿಯ ಎಷ್ಟೋ ಗೌರವಸ್ಥ ಮನೆಗಳ ಹೆರಳಿನಲ್ಲಿ ನನ್ನ ಕೂದಲು ಸೇರಿದೆ ಎಂದು ಖಾಜಾಬಿ ಹೇಳುವಾಗ ನಾನು ದಾನಶೂರಳ ಹಾಗೆ ಸುಮ್ಮನೆ ನಗುತ್ತಿದ್ದೆ.

ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿ ನಾನು ಮನೆಯಲ್ಲಿ ಕೂತಿದ್ದ ಕಾಲದಲ್ಲಿ, ಒಂದು ಶ್ರಾವಣದಲ್ಲಿ, ಬಸವನ ಬಾಗೇವಾಡಿಯಿಂದ ನನ್ನನ್ನು ನೋಡಲು ಬಂದರು. ಹುಡುಗ ಮುದ್ದೇಬಿಹಾಳದಲ್ಲಿ ಕಾರಕೂನ. ಜೊತೆಗೆ ಅವನ ತಾಯಿ ಗೌರವ್ವ. ಗೌರವ್ವನ ಕೀರ್ತಿ ಅವಳಿಗಿಂತ ಮುಂಚೆಯೇ ನಮ್ಮ ಮನೆ ತಲುಪಿತ್ತು. ತಂಗಡಗಿಯ ಒಂದು ಹುಡುಗಿಯನ್ನು ನೋಡಿ, ಸೀರೆ ಉಡಿಸಿ, ಎಲೆ ಅಡಿಕೆ ಹಂಚಿದ ಮೇಲೆ, ಹುಡುಗಿಯ ಹೆರಳು ಸಣ್ಣದೆಂದು ಸಂಬಂಧ ಬಿಟ್ಟು ಬಂದವಳಂತೆ.

ನಮ್ಮ ಮನೆಯಲ್ಲಿ ಅವಳು ನನ್ನ ಮುಖ ನೋಡಲೇ ಇಲ್ಲ. "ತಿರಗವಾ," ಎಂದಳು. ತಿರುಗಿದೆ. ಜಡೆಯನ್ನು ಕೈಯಲ್ಲಿ ಹಿಡಿದು ತೂಗಿ ನೋಡಿದಳು, ಜಗ್ಗಿ ನೋಡಿದಳು. "ಬಣ್ಣ ಇವತ್ತ ಇರತೈತಿ, ನಾಳಿ ಹೋಗತೈತಿ. ನಮ್ಮ ಮನಿಗಿ ಹಿಂಥಾ ಕೂದಲ ಬೇಕ ನೋಡ್ರಿ," ಎಂದು ಅವ್ವನಿಗೆ ಹೇಳಿದಳು. ಹೋಳಿಗೆ ಹದವಾಗಿದೆ ಎಂದ ಹಾಗಿತ್ತು ಅದು. ಹುಡುಗ ನಾಚಿಕೊಂಡು ಮೇಲಿನ ಜಂತಿ ಎಣಿಸುತ್ತ ಕೂತಿದ್ದ. ತಲೆಯ ಮೇಲೆ ಇಸ್ತ್ರಿ ಮಾಡಿದ ಬಿಳಿ ಟೊಪ್ಪಿಗೆ, ತುಸು ಓರೆ. ಆಗ ಎಲ್ಲ ಗಂಡಸರೂ ಟೊಪ್ಪಿಗೆಯವರೇ. ಹಿರಿಯರ ಮುಂದೆ ಬರಿತಲೆಯಲ್ಲಿ ಕೂರುವುದು ಅಂಗಿ ಇಲ್ಲದೆ ಕೂತಷ್ಟೇ ಅವಮರ್ಯಾದೆ.

ನಾನು ಅವಲಕ್ಕಿ ಮಾಡಿದ್ದೆ. ಅವನ ಬಾಯಿಗೆ ಇಡೀ ಹಸಿಮೆಣಸಿನಕಾಯಿ ಸಿಕ್ಕಿತು. ಕಣ್ಣಲ್ಲಿ ನೀರು ಬಂತು, ಹಣೆಯಿಂದ ಬೆವರು ಇಳಿಯಿತು, ಮೂಗು ಕೆಂಪಾಯಿತು. ಆದರೂ ಪ್ಲೇಟು ಖಾಲಿ ಮಾಡಿ, "ಛಲೋ ಆಗೈತ್ರಿ," ಎಂದ. ಬಾಗಿಲ ಸಂದಿಯಿಂದ ನೋಡುತ್ತಿದ್ದ ನನಗೆ ಅಲ್ಲಿಗೆ ತೀರ್ಮಾನವಾಗಿಹೋಯಿತು. ಇಷ್ಟು ಖಾರ ನುಂಗಿ ಸುಳ್ಳು ಹೇಳಬಲ್ಲ ಗಂಡಸಿನ ಜೊತೆ ಸಂಸಾರ ಮಾಡಬಹುದು ಎನಿಸಿತು. ನೇರವಾಗಿಯೇ ಹೇಳುತ್ತೇನೆ, ನನಗೆ ಆ ಹುಡುಗ ಬೇಕಾಗಿದ್ದ. ಬೇರೆ ಯಾರೂ ಬೇಡವಾಗಿತ್ತು.

ಮದುವೆ ವೈಶಾಖಕ್ಕೆ ನಿಶ್ಚಯವಾಯಿತು. ಗೌರವ್ವ ತನ್ನ ಮನೆತನದ ರಾಗಟೆಯನ್ನು, ಹೆರಳಿನ ಬುಡಕ್ಕೆ ಸಿಕ್ಕಿಸುವ ಅಂಗೈ ಅಗಲದ ಬಂಗಾರದ ಒಡವೆಯನ್ನು, ಅಂದೇ ನನ್ನ ಕೈಗೆ ಕೊಟ್ಟು ಹೋದಳು. "ಇದಕ್ಕ ತಕ್ಕ ಜಡಿ ಈಗ ಸಿಕ್ಕೈತಿ," ಎಂದಳು.

ದಸರೆ ಮುಗಿಯುತ್ತಿದ್ದಂತೆ ನನಗೆ ಮುದತಿ ಜ್ವರ ಹಿಡಿಯಿತು. ಈಗ ಟೈಫಾಯಿಡ್ ಎನ್ನುತ್ತೀರಿ. ತನ್ನ ಮುದತು ಮುಗಿಯುವವರೆಗೆ ಯಾರ ಮಾತೂ ಕೇಳದೆ ಮನೆಯಲ್ಲಿ ಉಳಿಯುವ ನೆಂಟನಂಥ ಜ್ವರ ಅದು. ದವಾಖಾನೆಯ ಗುಳಿಗೆ, ಅವ್ವನ ಗಂಜಿ, ಎರಡರ ನಡುವೆ ನಾನು ಹೇಗೋ ಉಳಿದುಕೊಂಡೆ. ದೀಪಾವಳಿಗೆ ಎದ್ದು ಕೂತೆ. ಬದುಕಿದಳಲ್ಲ ಎಂದು ಎಲ್ಲರೂ ಸಂತೋಷಪಟ್ಟರು. ಬಾಗೇವಾಡಿಗೂ ಹುಡುಗಿ ಗುಣವಾಗಿದ್ದಾಳೆಂದು ಸುದ್ದಿ ಹೋಯಿತು.

ಸಂಕ್ರಾಂತಿಯ ಹೊತ್ತಿಗೆ ಕೂದಲು ಉದುರಲು ಶುರುವಾಯಿತು. ಮೊದಲ ದಿನ ಹಣಿಗೆಯ ತುಂಬ ಬಂತು. ಆಮೇಲೆ ಹಣಿಗೆಯೇ ಬೇಕಾಗಲಿಲ್ಲ. ಕೈಯಾಡಿಸಿದರೆ ಕೈಗೆ, ಮಲಗಿದರೆ ಕೌದಿಗೆ, ರೊಟ್ಟಿ ಬಡಿದರೆ ರೊಟ್ಟಿಗೆ. ಅಪ್ಪ ಊಟದ ನಡುವೆ ಬಾಯಿಂದ ಉದ್ದನೆಯ ಎಳೆಯೊಂದನ್ನು ಎಳೆಯುತ್ತ ಎಳೆಯುತ್ತ, ಮಗಳ ಮೇಲಿನ ಪ್ರೀತಿಗೆ, ಏನೂ ಅನ್ನದೆ ಗೋಡೆ ನೋಡುತ್ತಿದ್ದರು. ಜ್ವರ ಹೋದ ಮೇಲೆ ಯಾಕೆ ಉದುರಬೇಕು ಎಂಬುದು ಯಾರಿಗೂ ತಿಳಿಯಲಿಲ್ಲ. ಮುದತಿ ಜ್ವರ ತನ್ನ ಬಾಡಿಗೆಯನ್ನು ತಡವಾಗಿ ವಸೂಲು ಮಾಡುತ್ತದೆ ಎಂದು ಯಾರೋ ಹೇಳಿದರು.

ಇನ್ನು ಮದ್ದು ಹೇಳುವವರಿಗೆ ಬರವೇ? ಸಿಂದಗಿಯಿಂದ ಬಂದ ಸೋದರತ್ತೆ ಉಳ್ಳಾಗಡ್ಡಿ ರಸ ಹಚ್ಚಿಸಿದಳು. ಎದುರು ಮನೆಯ ಮುದುಕಿ ಲಿಂಬೆಯ ಬೀಜ ಅರೆದು ಅದರ ಮೇಲೆ ಮೆತ್ತಿದಳು. ಲಚ್ಯಾಣದ ಮಠದಿಂದ ಬಂದ ವಿಭೂತಿಯನ್ನು ಅವ್ವ ಎಲ್ಲದರ ಮೇಲೂ ಉದುರಿಸಿದಳು. ನಾನು ಹತ್ತಿರ ಬಂದರೆ ಮಿರ್ಚಿ ಭಜಿಯ ಅಂಗಡಿ ತೆರೆದ ಹಾಗೆ ಆಗುತ್ತಿತ್ತು. ತಲೆ ಬೋಳಿಸಿಬಿಟ್ಟರೆ ದಟ್ಟವಾಗಿ ಬರುತ್ತದೆ ಎಂದು ಅಪ್ಪ ಒಮ್ಮೆ ಬಾಯಿ ತೆಗೆದರು. ಲಗ್ನ ನಿಶ್ಚಯವಾದ ಹುಡುಗಿಯ ತಲೆಗೆ ಕತ್ತಿಯೇ ಎಂದು ಅವ್ವ ನೋಡಿದ ನೋಟಕ್ಕೆ ಆ ಬಾಯಿ ತಾನೇ ಮುಚ್ಚಿಕೊಂಡಿತು.

ಉಳಿದದ್ದು ಇಲಿಯ ಬಾಲದಂಥ ಒಂದು ಹೆರಳು. ನಾನು ಕನ್ನಡಿಯನ್ನು ಗೋಡೆಯ ಕಡೆ ತಿರುಗಿಸಿಟ್ಟೆ. ಆನಂದನನ್ನು ನೋಡಿ ನಕ್ಕೆ ಎಂದೆನಲ್ಲ, ಆಗ ನಾನು ನಗುತ್ತಿರಲಿಲ್ಲ. ಹಿತ್ತಲಲ್ಲಿ ಕೂತು ಬಾಗೇವಾಡಿಯ ದಾರಿಯ ಕಡೆ ಮುಖ ಮಾಡಿ ಅಳುತ್ತಿದ್ದೆ. ದಾರಿ ಬೇರೆ ದಿಕ್ಕಿಗಿತ್ತು ಎಂದು ಆಮೇಲೆ ತಿಳಿಯಿತು. ತಂಗಡಗಿಯ ಆ ಹುಡುಗಿಯನ್ನು ನಾನು ನೋಡಿದವಳಲ್ಲ. ಆದರೆ ಆ ದಿನಗಳಲ್ಲಿ ಅವಳಷ್ಟು ಹತ್ತಿರದವರು ನನಗೆ ಬೇರೆ ಯಾರೂ ಇರಲಿಲ್ಲ.

ಯುಗಾದಿಯ ಎಣ್ಣೆ ಹಚ್ಚುವಾಗ ಅವ್ವನ ಕೈ ನನ್ನ ನೆತ್ತಿಯ ಮೇಲೆ ಥಟ್ಟನೆ ನಿಂತಿತು. "ಏನೋ ಚುಚ್ಚಾಕತ್ತೈತಿ," ಎಂದಳು. ಬಿಸಿಲಿಗೆ ಕರೆದುಕೊಂಡು ಹೋಗಿ ತಲೆ ಬಗ್ಗಿಸಿ ನೋಡಿದಳು. ಹುಟ್ಟಿದ ಕೂಸಿನ ತಲೆಯ ಮೇಲಿರುವಂಥ ಎಳೆಗೂದಲು, ನೆತ್ತಿಯ ತುಂಬ! ಅವ್ವ ಖಾಜಾಬಿಯನ್ನು ಕೂಗಿದಳು, ಖಾಜಾಬಿ ಓಣಿಯನ್ನು ಕೂಗಿದಳು. ಆ ದಿನ ನನ್ನ ತಲೆ ನೋಡಲು ಬಂದವರಿಗೆಲ್ಲ ಬೇವುಬೆಲ್ಲ ಸಿಕ್ಕಿತು. ನಿಮಗೂ ಈಗಲೇ ಹೇಳಿಬಿಡುತ್ತೇನೆ, ಆ ಕೂದಲು ಮುಂದೆ ಬೆಳೆಯಿತು, ಚೆನ್ನಾಗಿಯೇ ಬೆಳೆಯಿತು. ಮೊದಲು ನೆಟ್ಟಗಿದ್ದದ್ದು ಈಗ ಗುಂಗುರಾಗಿ ಬಂತು. ಬೆಳ್ಳಗಾಗಿದ್ದರೂ ಇಂದಿಗೂ ನನ್ನ ತಲೆಯ ಮೇಲೇ ಇದೆ. ಆದರೆ ಕೂದಲಿಗೆ ಅದರದೇ ಕಾಲ, ಲಗ್ನಕ್ಕೆ ಅದರದೇ ಕಾಲ. ವೈಶಾಖ ಬಂದಾಗ ನನ್ನ ಹೊಸ ಬೆಳೆ ಅರ್ಧ ಬೆರಳಿನಷ್ಟೂ ಇರಲಿಲ್ಲ.

ಅಪ್ಪನಿಗೆ ಬಾಗೇವಾಡಿಗೆ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿಬರುವ ಮನಸ್ಸು.

"ಏನಂತ ಹೇಳ್ತೀರಿ? ನಮ್ಮ ಹುಡುಗಿ ಜಡಿ ಉದರೈತಿ, ಬಂದಿಂದ ಲಗ್ನ ಇಟಗೊಳ್ಳೂಣ ಅಂತ?" ಎಂದಳು ಅವ್ವ. "ಅಕಿ ತಂಗಡಗಿ ಹುಡುಗೀನ ಬಿಟ್ಟಾಕಿ. ನಮ್ಮನ್ನ ಇಟಗೊಳ್ತಾಳೇನು?"

"ಮತ್ತ ಸುಳ್ಳ ಹೇಳೂದೇನು?"

"ಸಾವಿರ ಸುಳ್ಳ ಹೇಳಿ ಒಂದ ಲಗ್ನ ಮಾಡಂತಾರ. ನಾ ಒಂದೂ ಹೇಳೂದಿಲ್ಲ. ಅಕಿ ಕೂದಲ ಅಕಿ ತಲಿಮ್ಯಾಲ ಇಡ್ತೇನಿ. ಅದರಾಗ ಸುಳ್ಳ ಎಲ್ಲೈತಿ?"

ಉದುರಿದ್ದನ್ನೆಲ್ಲ ಅವ್ವ ಮಾಡದಲ್ಲಿ ಕೂಡಿಸಿಟ್ಟಿದ್ದಳು. ಖಾಜಾಬಿ ಅದನ್ನು ಮಡಿಲಲ್ಲಿ ಹಾಕಿಕೊಂಡು ಕೂತು ಗಂಗಾವನ ಕಟ್ಟಿದಳು. ಊರಿಗೆಲ್ಲ ಕೂದಲು ದಾನ ಮಾಡಿದವಳು ಈಗ ನನ್ನ ಕೂದಲನ್ನು ನಾನೇ ಎರವಲು ಪಡೆದೆ. ಕಟ್ಟಿದ ಮೇಲೆ ನೋಡಿದರೆ ಮೊದಲಿನ ಜಡೆಗಿಂತ ದಪ್ಪ! "ಇಷ್ಟ ಹೆಂಗ ಆತು?" ಎಂದು ಕೇಳಿದರೆ, "ಬರ್ಕತ್ ಬಿತ್ತವಾ," ಎಂದಳು ಖಾಜಾಬಿ. ಬೇರೆ ಯಾರ ಮನೆಯ ಬರ್ಕತ್ತು ಅದರಲ್ಲಿ ಸೇರಿತ್ತೋ ನಾನು ಕೇಳಲಿಲ್ಲ.

ಒಂದು ತಾಲೀಮೂ ಆಯಿತು. ಇಲಿಬಾಲಕ್ಕೆ ಗಂಗಾವನ ಹೆಣೆದು, ಮೇಲೆ ರಾಗಟೆ ಸಿಕ್ಕಿಸಿ, ನಡೆ ಎಂದರು. ನಡೆದೆ. ಕೂತು ಏಳು ಎಂದರು. ಎದ್ದೆ. ಬಗ್ಗಿ ಹಿರಿಯರ ಕಾಲು ಮುಟ್ಟು ಎಂದರು. ಬಗ್ಗಿದೆ. ಜಡೆ ರಾಗಟೆಯ ಸಮೇತ ಜಾರಿ, ಅವ್ವ ನಾದಿಟ್ಟಿದ್ದ ಜೋಳದ ಹಿಟ್ಟಿನ ಪರಾತದಲ್ಲಿ ಹೋಗಿ ಬಿತ್ತು.

"ಅಯ್ ಅಲ್ಲಾ, ನಾ ಹಾವ ಅಂತ ತಿಳದ್ನಿ," ಎಂದು ಖಾಜಾಬಿ ಎದೆ ಹಿಡಿದುಕೊಂಡಳು. ಆಮೇಲೆ ಅವಳು ಕಪ್ಪು ದಾರದಿಂದ ಬಿಗಿಯಾಗಿ ಕಟ್ಟುವ ಒಂದು ಉಪಾಯ ಹುಡುಕಿದಳು. ಎಷ್ಟು ಬಿಗಿ ಎಂದರೆ ನನ್ನ ಹುಬ್ಬು ಎರಡೂ ಮೇಲೇರಿ, ಇಡೀ ದಿನ ಯಾವುದೋ ಸುದ್ದಿ ಕೇಳಿ ಬೆರಗಾದವಳ ಹಾಗೆ ಕಾಣುತ್ತಿದ್ದೆ. ಮದುವಣಗಿತ್ತಿಗೆ ಇದು ಒಪ್ಪುತ್ತದೆ ಎಂದಳು ಅವ್ವ.

ಅವ್ವ ಎಲ್ಲವನ್ನೂ ಯೋಚಿಸಿದ್ದಳು. ಅಕ್ಕಿಕಾಳು ಬೀಳುವಾಗ ತಲೆಯ ಮೇಲೆ ಸೆರಗು, ಊಟಕ್ಕೆ ಕೂತಾಗ ಹೂವಿನ ದಂಡೆ, ಬೀಳ್ಕೊಡುವಾಗ ಮತ್ತೆ ಸೆರಗು. ಒಂದನ್ನು ಮಾತ್ರ ಮರೆತಿದ್ದಳು, ಸುರಗಿಯನ್ನು. ಎಷ್ಟೋ ಮದುವೆಗಳಲ್ಲಿ ತಾನೇ ಮುಂದೆ ನಿಂತು ಸುರಗಿಯ ನೀರು ಹಾಕಿದವಳು, ತನ್ನ ಮಗಳ ಸುರಗಿಯಲ್ಲಿ ತಲೆ ಬಿಚ್ಚಬೇಕು ಎಂಬುದನ್ನು ಮರೆತಳು. ದಿನವೂ ಮಾಡುವ ಸಾರಿಗೇ ಉಪ್ಪು ಮರೆಯುವುದಲ್ಲವೇ, ಹಾಗೆ.

ಸುರಗಿ ಎಂದರೆ ಲಗ್ನಕ್ಕೆ ಮುಂಚಿನ ಸ್ನಾನ. ಅಂಗಳದ ನಾಲ್ಕು ಮೂಲೆಗೆ ನಾಲ್ಕು ತಂಬಿಗೆ ಇಟ್ಟು, ಅವಕ್ಕೆ ನೂಲು ಸುತ್ತಿ, ಒಳಗೆ ಮಣೆ ಹಾಕಿ ಗಂಡುಹೆಣ್ಣನ್ನು ಜೊತೆಗೆ ಕೂರಿಸುತ್ತಾರೆ. ಗಂಡಿನ ತಾಯಿ ಹೆಣ್ಣಿನ ತಲೆಗೆ, ಹೆಣ್ಣಿನ ತಾಯಿ ಗಂಡಿನ ತಲೆಗೆ ಎಣ್ಣೆ ಹಚ್ಚಿ ಬಿಸಿನೀರು ಹಾಕಬೇಕು. ನೂಲು ಸುತ್ತಿ ಮುಗಿಯಿತು, ನಾನು ಕೂತೆ. ಗೌರವ್ವ ಎಣ್ಣೆಯ ಬಟ್ಟಲು ಹಿಡಿದು ನನ್ನ ಹಿಂದೆ ಬಂದು ನಿಂತಳು. ಆಗ ಅವ್ವನಿಗೆ ನೆನಪಾಯಿತು. ಅವಳ ಮುಖ ನೋಡಿದೆ; ಸುಣ್ಣದ ಗೋಡೆಗೂ ಅದಕ್ಕೂ ವ್ಯತ್ಯಾಸವಿರಲಿಲ್ಲ.

"ಹುಡುಗಿಗೆ ನೆಗಡಿ ಆಗೈತ್ರಿ," ಎಂದಳು ಅವ್ವ. "ತಲಿಗಿ ಬ್ಯಾಡ್ರಿ, ಹಣಿಗಿ ಮುಟ್ಟಸ್ರಿ ಸಾಕು."

"ಈ ಬಿಸಲಾಗ ಎಂಥಾ ನೆಗಡಿ?" ಎಂದಳು ಗೌರವ್ವ. "ಹಾಂ, ನಮ್ಮ ಹುಡುಗಗ ಮಾತ್ರ ಹಣಿಗಿ ಮುಟ್ಟಸ್ರಿ. ಅವಗ ತಲಿಶೂಲಿ ಐತಿ."

ಹುಡುಗ ನನ್ನ ಪಕ್ಕದ ಮಣೆಯ ಮೇಲೆ ತಲೆಗೆ ಟವೆಲ್ ಸುತ್ತಿಕೊಂಡು ಕೂತಿದ್ದ. ತಲೆಶೂಲೆಯವನ ಕಡೆ ಯಾರೂ ಗಮನ ಕೊಡಲಿಲ್ಲ. ಗೌರವ್ವ ನನ್ನ ಜಡೆ ಬಿಚ್ಚಲು ಕೈ ಹಾಕಿ ಜಗ್ಗಿದಳು. ಖಾಜಾಬಿಯ ಕಪ್ಪು ದಾರ ಪಟ್ಟೆಂದು ಹರಿಯಿತು. ನನ್ನ ಹುಬ್ಬು ಕೆಳಗಿಳಿದವು. ಜಡೆ ಗೌರವ್ವನ ಕೈಯಲ್ಲೇ ಉಳಿಯಿತು.

ಹೆಂಗಸರೆಲ್ಲ ಹಾಡುತ್ತಿದ್ದ ಸೋಬಾನೆ ಅರ್ಧದಲ್ಲೇ ನಿಂತಿತು. ನಾನು ಎರಡೂ ಕೈಯಿಂದ ನನ್ನ ಗಿಡ್ಡ ಕೂದಲು ಮುಚ್ಚಿಕೊಂಡೆ. ಆಗ ಅನಿಸಿದ್ದು ಒಂದೇ, ಮುಗಿಯಿತು. ಈ ಹುಡುಗ ನನಗೆ ಇಲ್ಲ. ಇನ್ನು ಇವನು ಬೇರೆ ಯಾರದೋ ಮನೆಯಲ್ಲಿ ಅವಲಕ್ಕಿ ತಿನ್ನುತ್ತಾನೆ.

"ಏನಿದು?" ಎಂದಳು ಗೌರವ್ವ.

"ಅಕೀದ ಕೂದಲ್ರಿ," ಎಂದಳು ಅವ್ವ, ಅಳುವ ದನಿಯಲ್ಲಿ. "ದೇವರಾಣಿ, ಅಕೀದ. ಜ್ವರದಾಗ ಉದರ್ಯಾವ."

ಗೌರವ್ವ ಮುಂದಿನ ಮಾತಿಗೆ ಬಾಯಿ ತೆರೆದಳು. ಆಗ ಪಕ್ಕದ ಮಣೆಯಿಂದ, "ಅವ್ವಾ," ಎಂಬ ದನಿ ಬಂತು. ತಿರುಗಿ ನೋಡಿದೆ. ಹುಡುಗ ತಲೆಯ ಟವೆಲನ್ನು ತಾನೇ ಬಿಚ್ಚಿ ತೊಡೆಯ ಮೇಲೆ ಇಟ್ಟುಕೊಂಡ. ಹಣೆಯಿಂದ ನೆತ್ತಿಯವರೆಗೆ, ನೆತ್ತಿಯಿಂದ ಹಿಂದಕ್ಕೂ, ಒಂದೇ ಒಂದು ಕೂದಲಿಲ್ಲ. ಕಿವಿಯ ಮೇಲೆ ಎರಡು ಕಡೆ ಒಂದಿಷ್ಟು ಉಳಿದದ್ದೇ ಟೊಪ್ಪಿಗೆಯ ಕೆಳಗೆ ನಮಗೆಲ್ಲ ಕಂಡಿದ್ದ ಕೂದಲು.

"ಅಯ್ಯ ನನ್ನ ಶಿವನ!" ಎಂದಳು ಅವ್ವ. "ತಲಿಶೂಲಿ ಅಂದ್ರಲ್ರಿ?"

"ನೀವು ನೆಗಡಿ ಅಂದ್ರಿ," ಎಂದಳು ಗೌರವ್ವ. ದನಿಯಲ್ಲಿ ಮೊದಲಿನ ಖಾರವಿರಲಿಲ್ಲ. ಅವರ ಮನೆತನದ ಗಂಡಸರೆಲ್ಲ ಇಪ್ಪತ್ತೈದಕ್ಕೇ ಹೀಗಾಗುತ್ತಾರೆ. ಸೊಸೆಯ ಕಡೆಯಿಂದಲಾದರೂ ಮೊಮ್ಮಕ್ಕಳ ತಲೆ ತುಂಬಲಿ ಎಂದು ಅವಳು ಊರೂರು ಜಡೆ ಜಗ್ಗುತ್ತ ತಿರುಗಿದ್ದಳು.

ಹುಡುಗ ನನ್ನ ಕಡೆ ನೋಡಿದ. ನನ್ನ ಕೈ ಇನ್ನೂ ತಲೆಯ ಮೇಲೇ ಇತ್ತು. "ಅವ್ವಾ, ಅಕೀವು ಬರಾಕತ್ತಾವ," ಎಂದ. "ನನ್ನವು ಇನ್ನ ಬರೂದಿಲ್ಲ. ಬಿಡೂದಿದ್ರ ಅವರ ನಮ್ಮನ್ನ ಬಿಡಬೇಕು."

ಗೌರವ್ವ ನನ್ನ ಕೈಗಳನ್ನು ಒಂದೊಂದಾಗಿ ತಲೆಯಿಂದ ಸರಿಸಿದಳು. ಅಂಗೈಯನ್ನು ನೆತ್ತಿಯ ಮೇಲಿಟ್ಟು, ಎಳೆಗೂದಲನ್ನು ಹಿಂದಿನಿಂದ ಮುಂದಕ್ಕೆ, ಮುಂದಿನಿಂದ ಹಿಂದಕ್ಕೆ ಸವರಿ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಬಟ್ಟಲಿನ ಎಣ್ಣೆಯನ್ನೆಲ್ಲ ನನ್ನ ತಲೆಯ ಮೇಲೆ ಸುರಿದು ತಿಕ್ಕಲು ಶುರುಮಾಡಿದಳು, ಅವ್ವ ತಿಕ್ಕುವುದಕ್ಕಿಂತಲೂ ಜೋರಾಗಿ. ಅದನ್ನು ನೋಡಿ ಅವ್ವನೂ ಹುಡುಗನ ನೆತ್ತಿಗೆ ಎಣ್ಣೆ ಸುರಿದಳು. ತಡೆಯಲು ಅಲ್ಲಿ ಏನೂ ಇರಲಿಲ್ಲವಾದ್ದರಿಂದ ಅದು ನೇರವಾಗಿ ಮೂಗಿಗೆ ಇಳಿಯಿತು. ನಾನು ನಕ್ಕುಬಿಟ್ಟೆ. ಹುಡುಗನೂ ನಕ್ಕ. ಅಂದಿನಿಂದ ನನಗೆ ಅವನು 'ಅವರು'.

"ಯಾಕ ನಿಂತೀರಿ, ಹಾಡ್ರಿ," ಎಂದು ಗೌರವ್ವ ಹೆಂಗಸರಿಗೆ ಗದರಿದಳು. "ನೀರ ಆರಾಕತ್ತೈತಿ."

ಮೊದಲ ಚರಗಿ ನೀರನ್ನು ನನ್ನ ತಲೆಯ ಮೇಲೆ ಅತ್ತೆಯೇ ಹಾಕಿದಳು.